ಮೇಲಿನ ಮೂಟೆ ಮೊದಲು

ಜುಲೈ ತಿಂಗಳ ಸೋಮವಾರಪೇಟೆ ಅಂದ್ರೆ ಗೊತ್ತಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟ್ ಹೋದರೆ ಬರುವುದಿಲ್ಲ. ಅಂಥದ್ದೊಂದು ಸಂಜೆ ಅಕ್ಕನ ಮಗ ಬೆಂಗಳೂರಿನಿಂದ ತಂದಿದ್ದ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡಿನಾಟದ ಎಲೆಗಳನ್ನು ಎಮರ್ಜೆನ್ಸಿ ಲೈಟಿನ ಕೆಳಗೆ ಹರಡಿದ. ಮೊದಲ ಆಟಕ್ಕೇ ಜಗಳ. ನನ್ನ ಕರಡಿ ಎಲೆಗೆ ಲೈಟ್ನಿಂಗ್ ಬೋಲ್ಟ್ ಅನ್ನುವ ಪೆಟ್ಟಿನ ಎಲೆ ಹೊಡೆದ. ನಾನು ಕರಡಿಯನ್ನು ಸತ್ತವರ ರಾಶಿಗೆ ಹಾಕಿ, ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿಕೊಂಡು, "ತಡಿ, ಜೈಂಟ್ ಗ್ರೋತ್ ಇದೆ" ಅಂದೆ. ಪ್ರಾಣಿಯನ್ನು ಗಟ್ಟಿ ಮಾಡುವ ಎಲೆ ಅದು.

"ಹೊತ್ತು ಮೀರಿತು ಚಿಕ್ಕಮ್ಮ."

ಅವನು ಹೇಳಿದ್ದು ಸರಿ. ಆದರೆ ಯಾಕೆ ಸರಿ ಅಂತ ಅವನಿಗೂ ಬಿಡಿಸಿ ಹೇಳಲು ಬರಲಿಲ್ಲ. ನಾನು ಕಾಫಿ ಗೋಡೌನಿನಲ್ಲಿ ಲೆಕ್ಕ ಬರೆಯುವವಳು. ನಿಯಮ ಓದಿದ ಮೇಲೆ ನನಗೆ ಅರ್ಥವಾದದ್ದು ಗೋಡೌನಿನ ಭಾಷೆಯಲ್ಲೇ.

ಮೂಟೆ ಅಟ್ಟಿ ಹಾಕುವುದನ್ನು ನೋಡಿದ್ದೀರಲ್ವಾ? ಕೊನೆಗೆ ಹಾಕಿದ ಮೂಟೆ ಮೊದಲು ಇಳಿಯುತ್ತದೆ. ಅಡಿಯದನ್ನು ಎಳೆಯಲು ಆಗುವುದಿಲ್ಲ. ಈ ಆಟದಲ್ಲಿ ಅದಕ್ಕೆ ಸ್ಟ್ಯಾಕ್ ಅಂತಾರೆ. 1999ರಲ್ಲಿ ಆರನೇ ಆವೃತ್ತಿಯ ಜೊತೆ ಬಂದ ನಿಯಮ. ನಾನು ಅಟ್ಟಿ ಅಂತಲೇ ಕರೆಯುತ್ತೇನೆ. ಎಲೆ ಬಿಟ್ಟ ಕೂಡಲೇ ಅದರ ಕೆಲಸ ಆಗಿಬಿಡುವುದಿಲ್ಲ. ಅದು ಅಟ್ಟಿಯ ಮೇಲೆ ಕೂರುತ್ತದೆ, ಅಷ್ಟೆ. ಇಬ್ಬರೂ ಒಬ್ಬರಾದ ಮೇಲೊಬ್ಬರು "ನನ್ನದೇನಿಲ್ಲ" ಅಂದ ಮೇಲೆ ತುದಿಯದೊಂದು ಮಾತ್ರ ಇಳಿಯುತ್ತದೆ, ಅಂದ್ರೆ ಅದರ ಕೆಲಸ ಆಗುತ್ತದೆ. ಅದು ಇಳಿದ ಮೇಲೆ ಇಬ್ಬರಿಗೂ ಮತ್ತೆ ಅವಕಾಶ ಬರುತ್ತದೆ, ಯಾರ ಸರದಿಯೋ ಅವರಿಗೆ ಮೊದಲು. ಒಂದೇ ಏಟಿಗೆ ಇಡೀ ಅಟ್ಟಿ ಖಾಲಿ ಮಾಡುವುದು ಹೊಸಬರು ಜಾಸ್ತಿ ಮಾಡುವ ತಪ್ಪು.

ನನ್ನ ಕರಡಿಯನ್ನೇ ತಗೊಳ್ಳಿ. ಗ್ರಿಜ್ಲಿ ಬೇರ್ಸ್, ಬಲ 2, ತಾಳಿಕೆ 2, ಬರೆಯುವುದು 2/2 ಅಂತ. ತಾಳಿಕೆಯಷ್ಟು ಪೆಟ್ಟು ಬಿದ್ದರೆ ಪ್ರಾಣಿ ಸಾಯುತ್ತದೆ. ಬೋಲ್ಟ್ 3 ಪೆಟ್ಟು ಕೊಡುತ್ತದೆ. ಜೈಂಟ್ ಗ್ರೋತ್ ಆ ಸರದಿ ಮುಗಿಯುವವರೆಗೆ ಎರಡಕ್ಕೂ 3 ಸೇರಿಸುತ್ತದೆ. ಅವನು ಬೋಲ್ಟ್ ಇಟ್ಟ. ಅದು ಇನ್ನೂ ಅಟ್ಟಿಯಲ್ಲಿರುವಾಗಲೇ ನಾನು ಅದರ ಮೇಲೆ ಗ್ರೋತ್ ಇಟ್ಟೆ ಅನ್ನಿ. ಮೇಲಿನದು ನನ್ನದು, ಮೊದಲು ಇಳಿಯಿತು, ಕರಡಿ 5/5 ಆಯಿತು. ಆಮೇಲೆ ಬೋಲ್ಟ್. 3 ಪೆಟ್ಟು ತಿಂದೂ ಕರಡಿ ನಿಂತಿದೆ. ಸರದಿ ಮುಗಿದಾಗ ಮತ್ತೆ 2/2 ಆಗುತ್ತಲ್ಲ, ಆಗ ಸಾಯಲ್ವಾ ಅಂತ ಕೇಳುತ್ತೀರಿ. ನಾನೂ ಕೇಳಿದ್ದೆ. ಇಲ್ಲ. ಪೆಟ್ಟಿನ ಲೆಕ್ಕ ಅಳಿಯುವುದೂ ಗ್ರೋತ್ ಕೊಟ್ಟ ಬಲ ಹೋಗುವುದೂ ಒಂದೇ ಗಳಿಗೆಯಲ್ಲಿ.

ಈಗ ಉಲ್ಟಾ ಮಾಡಿ. ನಾನೇ ಅವಸರಪಟ್ಟು ಮೊದಲು ಗ್ರೋತ್ ಇಟ್ಟೆ. ಅವನು ಅದರ ಮೇಲೆ ಬೋಲ್ಟ್ ಇಟ್ಟ. ಬೋಲ್ಟ್ ಮೊದಲು ಇಳಿಯುತ್ತದೆ, ಕರಡಿ ಇನ್ನೂ 2/2, ಸತ್ತಿತು. ಗ್ರೋತ್‌ಗೆ ಗುರಿಯೇ ಇಲ್ಲ, ಸುಮ್ನೆ ರಾಶಿಗೆ ಹೋಯಿತು. ಅವನ ಒಂದು ಎಲೆಗೆ ನನ್ನ ಎರಡು ಎಲೆ. ಅದೇ ಬೋಲ್ಟ್, ಅದೇ ಗ್ರೋತ್, ಹಿಂದುಮುಂದಾದದ್ದು ಮಾತ್ರ. ಅದಕ್ಕೇ ಹೇಳುವುದು, ಇಂಥ ಎಲೆ ಕೈಯಲ್ಲಿದ್ದರೆ ಬಾಯಿ ಮುಚ್ಚಿಕೊಂಡು ಕಾಯಿರಿ. ಎದುರಿನವರು ಮೊದಲು ಇಡಲಿ.

ಎಲ್ಲ ಎಲೆಯನ್ನೂ ಹೀಗೆ ನಡುವೆ ತೂರಿಸಲು ಆಗುವುದಿಲ್ಲ. ಇನ್‌ಸ್ಟಂಟ್ ಅಂತ ಬರೆದಿದ್ದರೆ ಆಗುತ್ತದೆ. ಸಾರ್ಸರಿ ಅಂತ ಬರೆದ ಮಂತ್ರದ ಎಲೆಗಳನ್ನು ಮತ್ತು ಸಾಧಾರಣ ಪ್ರಾಣಿಗಳನ್ನು ನಿಮ್ಮ ಸರದಿಯ ಮುಖ್ಯ ಹಂತದಲ್ಲಿ, ಅಟ್ಟಿ ಖಾಲಿ ಇದ್ದಾಗ ಮಾತ್ರ ಬಿಡಬಹುದು. ನೆಲದ ಎಲೆ ಇಡುವುದು, ಅದನ್ನು ಅಡ್ಡ ತಿರುಗಿಸಿ ಬೇರೆ ಎಲೆ ಬಿಡಲು ಬೇಕಾದ ಮಾನಾ ಅನ್ನುವ ಶಕ್ತಿ ತೆಗೆಯುವುದು ಅಟ್ಟಿಗೆ ಬರುವುದೇ ಇಲ್ಲ. ಅದಕ್ಕೆ ಯಾರೂ ಅಡ್ಡ ಹಾಕುವಂತಿಲ್ಲ.

ಮೇಜಿನ ಮೇಲೆ ನಾವು ಮಾಡುವುದು ಹೀಗೆ. ಬಿಟ್ಟ ಎಲೆಗಳನ್ನು ನಡುವೆ, ಒಂದರ ಹೆಸರು ಇನ್ನೊಂದರ ಮೇಲೆ ಕಾಣುವಂತೆ ಜಾರಿಸಿ ಇಡುತ್ತೇವೆ. ಎಲೆ ಬಿಡದೆ, ಕಣದಲ್ಲಿರುವ ಪ್ರಾಣಿಯ ಶಕ್ತಿ ಬಳಸಿದರೆ ಅದರ ಬದಲಿಗೆ ಒಂದು ಬೆಂಕಿಕಡ್ಡಿ. ಪೆಟ್ಟಿನ ಲೆಕ್ಕಕ್ಕೆ ಕಾಫಿ ಬೀಜ. ಮೊದಲು ಕಾಳುಮೆಣಸು ಇಟ್ಟು ನೋಡಿದೆವು, ಉರುಳಿ ಚಾಪೆ ಕೆಳಗೆ ಹೋಗುತ್ತಿತ್ತು. ಕಾಫಿ ಬೀಜಕ್ಕೆ ಒಂದು ಕಡೆ ಚಪ್ಪಟೆ, ಇಟ್ಟಲ್ಲೇ ಕೂರುತ್ತದೆ. ಯಾವುದೇ ಎಲೆ ಇಳಿಸುವ ಮೊದಲು "ಏನಾದ್ರೂ ಇದ್ಯಾ?" ಅಂತ ಬಾಯಿಬಿಟ್ಟು ಕೇಳಬೇಕು. ಈ ಒಂದು ಪ್ರಶ್ನೆಯಿಂದ ನಮ್ಮ ಅರ್ಧ ಜಗಳ ನಿಂತಿತು.

ಬೆಂಕಿಕಡ್ಡಿ ವಿಷಯ ಸ್ವಲ್ಪ ಗಮನಿಸಿ. ಪ್ರಾಡಿಗಲ್ ಸಾರ್ಸರರ್ ಅಂತ ಒಬ್ಬ ಮಾಂತ್ರಿಕ ಇದ್ದಾನೆ. ಅವನ ಎಲೆ ಅಡ್ಡ ತಿರುಗಿಸಿದರೆ 1 ಪೆಟ್ಟು ಕೊಡುತ್ತಾನೆ. ತಿರುಗಿಸಿದ್ದನ್ನು ನೋಡಿ ನೀವು ಅವನನ್ನೇ ಕೊಂದರೂ ಆ ಪೆಟ್ಟು ಬಿದ್ದೇ ಬೀಳುತ್ತದೆ. ಕಾಗದ ಆಗಲೇ ಟಪಾಲು ಡಬ್ಬಿಗೆ ಬಿದ್ದಿದೆ, ಬರೆದವನು ಇದ್ದರೇನು ಹೋದರೇನು.

ತಾನಾಗಿ ಏಳುವ ಶಕ್ತಿಗಳೂ ಇವೆ, ಹೊಸ ಪ್ರಾಣಿ ಬಂದಾಗಲೆಲ್ಲ ಇಂಥದ್ದು ಆಗಲಿ ಅನ್ನುವಂಥವು. ಇಬ್ಬರದೂ ಒಟ್ಟಿಗೆ ಎದ್ದರೆ ಯಾರ ಸರದಿಯೋ ಅವರದು ಮೊದಲು ಅಟ್ಟಿಗೆ, ಅದರ ಮೇಲೆ ಎದುರಾಳಿಯದು. ಹಾಗಾಗಿ ಎದುರಾಳಿಯದೇ ಮೊದಲು ಇಳಿಯುತ್ತದೆ. ತಮ್ಮತಮ್ಮ ಪಾಲಿನೊಳಗಿನ ಕ್ರಮ ಅವರವರ ಇಷ್ಟ.

ಪ್ರಾಣಿಗಳ ಕಾದಾಟದ ಪೆಟ್ಟು ಅಟ್ಟಿಗೆ ಬರುವುದಿಲ್ಲ. ಮೊದಲು ಬರುತ್ತಿತ್ತು, 2009ರಲ್ಲಿ ತೆಗೆದರು. ಹಳಬರು ಯಾರಾದರೂ ವಾದಕ್ಕೆ ನಿಂತರೆ ಈ ಇಸವಿ ಹೇಳಿ.

ಸಾವೂ ಅಟ್ಟಿಗೆ ಬರುವುದಿಲ್ಲ. ಪ್ರತಿ ಸಲ ಯಾರಿಗಾದರೂ ಅವಕಾಶ ಕೊಡುವ ಮೊದಲು ಆಟವೇ ಒಮ್ಮೆ ಕಣ ನೋಡುತ್ತದೆ. ತಾಳಿಕೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಪೆಟ್ಟು ತಿಂದ ಪ್ರಾಣಿ, ಜೀವ ಸೊನ್ನೆಯಾದ ಆಟಗಾರ, ಎಲ್ಲರನ್ನೂ ಒಂದೇ ಸಲಕ್ಕೆ ಎತ್ತಿಬಿಡುತ್ತದೆ. ಆ ಸಂಜೆಯ ಕೊನೆಯ ಆಟದಲ್ಲಿ ನನ್ನ ಜೀವ 3, ಅವನದೂ 3. ಸೋತವರು ಅಕ್ಕಿ ರೊಟ್ಟಿ ತಟ್ಟಬೇಕು ಅಂತ ಮಾತಾಗಿತ್ತು. ಅವನು ಅರ್ಥ್‌ಕ್ವೇಕ್ ಎಲೆಯನ್ನು 3 ಪೆಟ್ಟಿನ ಲೆಕ್ಕಕ್ಕೆ ಇಟ್ಟ. ಆ ಪೆಟ್ಟು ಇಬ್ಬರು ಆಟಗಾರರಿಗೂ ಬೀಳುತ್ತದೆ. "ಏನಾದ್ರೂ ಇದ್ಯಾ?" ಕೇಳಿದ. ನನ್ನ ಕೈ ಖಾಲಿ. "ಸರದಿ ನನ್ನದು, ಅದಕ್ಕೆ ನೀನು ಮೊದಲು ಸಾಯ್ತೀಯ" ಅಂತ ಕುಣಿದ. ನಾನು ನಿಯಮ ತೋರಿಸಿದೆ. ಇಬ್ಬರೂ ಒಟ್ಟಿಗೆ ಸೊನ್ನೆ, ಆಟ ಡ್ರಾ. ಅವನು ಹಿಟ್ಟು ಕಲಸಿದ, ನಾನು ತಟ್ಟಿದೆ.