60 ಸಜ್ಜಿ ರೊಟ್ಟಿ, 4 ದಿನ ಹಾಸಿಗೆ

ಹೋದ ವರ್ಷದ ಎಳ್ಳ ಅಮಾವಾಸ್ಯೆ. ಹಿಂದಿನ ದಿನ ಮೈ ಹಗುರಾಗಿತ್ತು. ಎಷ್ಟೋ ತಿಂಗಳ ಮೇಲೆ ಹಾಗನ್ನಿಸಿತ್ತು. ಸೆರಗು ಸಿಕ್ಕಿಸಿ ಕೂತವಳು 60 ಸಜ್ಜಿ ರೊಟ್ಟಿ ಬಡಿದು, ಭಜ್ಜಿಗೆ ಸೊಪ್ಪು ಸೋಸಿಟ್ಟೇ ಎದ್ದೆ. ಮರುದಿನ ಮನೆಮಂದಿಯೆಲ್ಲ ಚರಗ ಚೆಲ್ಲೋಕೆ, ಅಂದರೆ ಭೂಮಿತಾಯಿಗೆ ಎಡೆ ಕೊಡೋಕೆ, ಹೊಲಕ್ಕೆ ಹೋದರು. ನಾನು 4 ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಬಾಚಣಿಗೆ ಹಿಡಿಯೋಕೂ ತೋಳು ಏಳುತ್ತಿರಲಿಲ್ಲ.

ನನಗಿರೋದು ಫೈಬ್ರೋಮಯಾಲ್ಜಿಯಾ. ಮೈತುಂಬ ನೋವು, ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು. ಹೆಸರು ಗೊತ್ತಾಗೋಕೇ 2 ವರ್ಷ ಹಿಡಿಯಿತು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಬಿ12, ಉರಿಯೂತ ತೋರಿಸುವ ಇಎಸ್‌ಆರ್, ಎಲ್ಲ ನಾರ್ಮಲ್. ಒಬ್ಬ ಡಾಕ್ಟರು "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಅಂತ ಟಾನಿಕ್ ಬರೆದುಕೊಟ್ಟರು. ಮನೆಯಲ್ಲಿ ಅತ್ತೆ, "ರಿಪೋರ್ಟ್ ಎಲ್ಲಾ ಛಲೋನೇ ಅವ ಅಂತಾರ. ಮತ್ತ ನೋವು ಎಲ್ಲಿಂದ ಬರ್ತದವ್ವಾ?" ಅಂದರು. ಚುಚ್ಚಿ ಕೇಳಿದ್ದಲ್ಲ. ನನಗೇ ತಿಳಿಯದ್ದು ಅವರಿಗೆ ಹೇಗೆ ತಿಳಿಯಬೇಕು?

ಕೊನೆಗೆ ಕಲಬುರಗಿಯಲ್ಲೇ ಸಂಧಿವಾತ ನೋಡುವ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಈ ಕಾಯಿಲೆ ರಕ್ತದಲ್ಲಿ ಕಾಣೋದಿಲ್ಲ. ಪರೀಕ್ಷೆ ಮಾಡಿಸೋದು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ. ಬೆಕ್ಕು ಬಂದರೂ ಕಳ್ಳ ಬಂದ ಅಂತ ಬೊಗಳುವ ನಾಯಿ ಇರ್ತದಲ್ಲ, ನಿಮ್ಮ ನರಗಳು ಹಾಗಾಗಿವೆ ಅಂದರು. ಮಾಮೂಲಿ ನೋವಿನ ಗುಳಿಗೆ ನಿಲ್ಲಿಸಿ, ರಾತ್ರಿಗೆ ನೋವು ತಗ್ಗಿಸಿ ನಿದ್ದೆ ತರುವ ಅಮಿಟ್ರಿಪ್ಟಿಲಿನ್ ಗುಳಿಗೆ ಸಣ್ಣ ಡೋಸ್ ಕೊಟ್ಟರು. ನಿದ್ದೆ ಸ್ವಲ್ಪ ಸುಧಾರಿಸಿತು. ಬೆಳಿಗ್ಗೆ ಬಾಯಿ ಒಣಗುತ್ತದೆ, ಅದಿರಲಿ.

ಆದರೆ ಗುಳಿಗೆಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಗೋಡೆಯ ಕ್ಯಾಲೆಂಡರು. ನಾನು ಮನೆಯಲ್ಲೇ ರೊಟ್ಟಿ ಮಾಡಿ ಮಾರುವವಳು. ಹಬ್ಬದ ಪೆಟ್ಟು ತಿಂದ ಮೇಲೆ ದಿನಕ್ಕೆಷ್ಟು ರೊಟ್ಟಿ, ಮರುದಿನ ಮೈ ಹೇಗಿತ್ತು ಅಂತ ಬರೆಯತೊಡಗಿದೆ. ಒಂದು ತಿಂಗಳಲ್ಲೇ ಕಣ್ಣಿಗೆ ಹೊಡೆಯಿತು: 20 ದಾಟಿದ ದಿನ ಏನೂ ಆಗುವುದಿಲ್ಲ, ಎರಡನೇ ದಿನ ಬೀಳುತ್ತೇನೆ. ಪೆಟ್ಟು ತಡವಾಗಿ ಬರುವುದರಿಂದ ಇಷ್ಟು ದಿನ ಎರಡಕ್ಕೂ ಸಂಬಂಧವೇ ಗೊತ್ತಾಗಿರಲಿಲ್ಲ.

ಹಾಗಾಗಿ ದಿನಕ್ಕೆ 10 ಅಂತ ಗೆರೆ ಎಳೆದೆ. ಐದು ಬಡಿಯೋದು, 15 ನಿಮಿಷ ಮಲಗೋದು, ಮತ್ತೆ ಐದು. ಸುಸ್ತಾಗದಿದ್ದರೂ ಮಲಗಲೇಬೇಕು. ಇದೇ ಕಷ್ಟ. ಹಂಚು ಕಾದಿದೆ, ಪರಾತದಲ್ಲಿ ಹಿಟ್ಟಿದೆ, ಮೈಯೂ ಛಲೋ ಇದೆ, ಎದ್ದು ಹೋಗೋಕೆ ಕೈ ಬರುತ್ತದಾ? ಇನ್ನೊಂದು, ಇನ್ನೊಂದು ಅಂತ ಹದಿನೈದಾಗುತ್ತಿತ್ತು. ಆಮೇಲೆ ಉಪಾಯ ಹೊಳೆಯಿತು: ಐದು ರೊಟ್ಟಿಗಾಗುವಷ್ಟೇ ಹಿಟ್ಟು ನಾದೋದು. ಹೇಗೂ ಜೋಳದ ಹಿಟ್ಟು ಸುಮ್ನೆ ಇಟ್ಟರೆ ಜಿಗಿ ಹೋಗಿ ಅಂಚು ಒಡೆಯುತ್ತದೆ, ಆಗಾಗ ನಾದಲೇಬೇಕು. ಹಿಟ್ಟು ಮುಗಿದರೆ ಕೈಯೂ ನಿಲ್ಲುತ್ತದೆ. ಎರಡು ವಾರ ಬೀಳದಿದ್ದರೆ ಇನ್ನೆರಡು ಸೇರಿಸೋದು. ಈಗ 18ಕ್ಕೆ ಬಂದಿದ್ದೇನೆ. ನಡುವೆ ಒಮ್ಮೆ ಜ್ವರ ಬಂದು 8ಕ್ಕೆ ಇಳಿದಿದ್ದೆ. ಗಿರಾಕಿ ಕೆಲವರು ಹೋದರು. ಖಡಕ್ ರೊಟ್ಟಿ ಒಯ್ಯುವವರು ಉಳಿದರು. ಅದು ವಾರಗಟ್ಟಲೆ ಇರುತ್ತದೆ, ಮುಂಚೆಯೇ ಮಾಡಿಟ್ಟರಾಯಿತು.

ನಡಿಗೆಯೂ ಹಾಗೇ. ಊರಿನ ಅಪ್ಪನ ಕೆರೆ ದಂಡೆಯಲ್ಲಿ ಮೊದಲು 5 ನಿಮಿಷ, ಈಗ 20. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಮಾತ್ರ ಬೆಳಿಗ್ಗೆ 7ರೊಳಗೆ ಒಲೆ ಆರಿಸಿಬಿಡುತ್ತೇನೆ, ನಡಿಗೆಗೆ ರಜೆ.

ನೋವು ಹೋಗಿಲ್ಲ. ಇವತ್ತೂ ಭುಜ ಹಿಡಿದಿದೆ.

ಈ ಸಲದ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಂದು ವಾರ ಮುಂಚಿನಿಂದ ಸ್ವಲ್ಪ ಸ್ವಲ್ಪ ಬಡಿದಿಟ್ಟೆ. ಕಡಬು ನಾದಿನಿ ಮಾಡಿದಳು. ಹೊಲಕ್ಕೆ ಹೋದೆ. ಊಟವಾದ ಮೇಲೆ ಬುಟ್ಟಿ ಎತ್ತೋಕೆ ಬಗ್ಗಿದರೆ ಅತ್ತೆ ಕಸಿದುಕೊಂಡು, ಪಕ್ಕದ ಹೊಲದವರಿಗೆ ಕೇಳುವಂತೆ ಹೇಳಿದರು: "ಆಕಿದು ಇವತ್ತಿನ ಲೆಕ್ಕ ಮುಗದದ."