ಮೆಟಲ್ ಸಂಗೀತ ಲೈವ್ ನುಡಿಸಲು ಗಿಟಾರ್ ಡಿಸ್ಟಾರ್ಷನ್ ಪೆಡಲ್ (ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಕೊಳ್ಳುವ ಮುಂಚೆ

ಮನೆಯಲ್ಲಿ ಒಬ್ಬರೇ ಗಿಟಾರ್ ನುಡಿಸುವಾಗ ಮಿಡ್ (ನಡುವಿನ ಸದ್ದು) ಪೂರ್ತಿ ಇಳಿಸಿ, ಬಾಸ್ (ಕೆಳಗಿನದು), ಟ್ರೆಬಲ್ (ಮೇಲಿನದು) ಏರಿಸಿದರೆ ಭಾರಿ ಮಜಾ. ಅದೇ ಸೆಟ್ಟಿಂಗ್ ಇಟ್ಟು ನಾನು ಇಡೀ ಶೋ ಯಾರಿಗೂ ಕೇಳಿಸದ ಹಾಗೆ ನುಡಿಸಿದ್ದೇನೆ! ಕೆಳಗಿನ ಜಾಗವನ್ನು ಬಾಸ್ ಗಿಟಾರ್, ಕಿಕ್ ಡ್ರಮ್ ತಿಂದುಬಿಡುತ್ತವೆ, ಮೇಲಿನದನ್ನು ಸಿಂಬಲ್. ನಮಗೆ ಉಳಿಯುವುದು ಮಿಡ್ ತಾನೆ? ಹಾಗಾಗಿ ಮಿಡ್‌ಗೆ ಬೇರೆ ನಾಬ್ ಇರುವ ಪೆಡಲ್ ನೋಡಿ. ಜನ ಸುಮ್ನೆ ಬೈಯುವ ಮೆಟಲ್ ಝೋನ್ ಎಂಬ ಪೆಡಲ್‌ನಲ್ಲಿ 200 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಯಾವ ಮಿಡ್ ಬೇಕೋ ಆರಿಸಬಹುದು.

ಗೇನ್ (ಸದ್ದು ಎಷ್ಟು ಒರಟಾಗಬೇಕು ಎನ್ನುವ ನಾಬ್) ಮನೆಯಲ್ಲಿ ಇಡುವುದಕ್ಕಿಂತ ಕಮ್ಮಿ ಇಡಿ. ಜಾಸ್ತಿಯಾದರೆ ಪಾಮ್ ಮ್ಯೂಟ್ (ಅಂಗೈಯಂಚು ತಂತಿಗೆ ತಾಗಿಸಿ ನುಡಿಸುವ ಸದ್ದು) ಕಲಸಿ ಮುದ್ದೆಯಾಗುತ್ತದೆ. ಗಿಟಾರ್ ಸದ್ದು ದೊಡ್ಡದು ಮಾಡುವ ಆಂಪ್‌ನಲ್ಲೇ ಒಳ್ಳೆ ಡಿಸ್ಟಾರ್ಷನ್ ಇದ್ದರೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ (ಕಮ್ಮಿ ಒರಟಿನ) ಪೆಡಲ್ ಸಾಕು: ಡ್ರೈವ್ ಸೊನ್ನೆ, ಲೆವೆಲ್ ಫುಲ್. ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ, ವಾಲ್ಯೂಮ್ ಏರಿಸಿಯೇ ಕೇಳಿ.