ಎತ್ತಿದ ಕೈಗಳ ನಡುವಿನ ಜಾಗ: ಒಂದು ಅಭ್ಯಾಸಚಿತ್ರದ ಅನುಭವ

ಡೆವನ್‌ಶೈರ್‌ನ ಡಚೆಸ್ ಜಾರ್ಜಿಯಾನಾ ತನ್ನ ಹೆಣ್ಣುಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿರುವ, ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಬರೆದ ಚಿತ್ರವನ್ನು ಮುಂದಿಟ್ಟುಕೊಂಡು ನಾನು ತೈಲವರ್ಣದಲ್ಲಿ ಒಂದು ಅಭ್ಯಾಸಚಿತ್ರ ಮಾಡಿದೆ. ಮಗು ಹುಟ್ಟಿದ್ದು 1783ರಲ್ಲಿ. ಚಿತ್ರ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಿದ್ದು 1786ರಲ್ಲಿ. ಶ್ರೀಮಂತ ಮನೆತನದವರು ಹಸುಗೂಸುಗಳನ್ನು ದಾದಿಯರ ಎದೆಹಾಲಿಗೆ ಒಪ್ಪಿಸುವುದು ರೂಢಿಯಾಗಿದ್ದ ಆ ಕಾಲದಲ್ಲಿ ಜಾರ್ಜಿಯಾನಾ ಮಗಳಿಗೆ ತಾನೇ ಹಾಲೂಡಿಸಿದ್ದಳು ಎಂಬುದನ್ನು ತಿಳಿದ ಮೇಲೆ, ಈ ಆಟ ನನಗೆ ಬರಿಯ ಭಂಗಿಯಾಗಿ ಕಾಣಲಿಲ್ಲ.

ಮೊದಲ ಸಲ ನಾನು ಮುಖಗಳಿಂದ ಆರಂಭಿಸಿ ತಪ್ಪು ಮಾಡಿದೆ. ಮಗುವಿನ ಕೆನ್ನೆ, ತಾಯಿಯ ತುಟಿಯಂಚಿನ ನಗು ಎಲ್ಲವನ್ನೂ ಎರಡು ದಿನ ತಿದ್ದಿದರೂ ಇಬ್ಬರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ಕುಳಿತಿದ್ದರು. ಮೂಲವನ್ನು ಮತ್ತೆ ನೋಡಿದಾಗ ತಿಳಿಯಿತು: ಮಗು ಎರಡೂ ಕೈಗಳನ್ನು ಮೇಲಕ್ಕೆತ್ತಿದೆ, ತಾಯಿಯೂ ಒಂದು ಕೈಯೆತ್ತಿದ್ದಾಳೆ, ಅಕ್ಕರೆಯೆಲ್ಲ ಆ ಕೈಗಳ ನಡುವಿನ ಖಾಲಿ ಜಾಗದಲ್ಲಿದೆ. ಹಸಿಯಾಗಿದ್ದ ಬಣ್ಣವನ್ನು ಪ್ಯಾಲೆಟ್ ನೈಫಿನಿಂದ (ಬಣ್ಣ ಬೆರೆಸುವ ಚಪ್ಪಟೆ ಚಾಕು) ಕೆರೆದು, ಅಂಬರ್ ಎಂಬ ಕಂದು ಬಣ್ಣದ ತೆಳುವಾದ ಲೇಪದ ಮೇಲೆ ಆ ಖಾಲಿ ಜಾಗದ ಆಕಾರವನ್ನೇ ಮೊದಲು ಬರೆದುಕೊಂಡೆ. ಅದು ಸರಿಯಾದ ಕೂಡಲೇ ತೋಳುಗಳ ಓಟವೂ ಮಗುವಿನತ್ತ ಬಾಗಿದ ತಾಯಿಯ ಕತ್ತೂ ತಾವಾಗಿಯೇ ತಮ್ಮ ಸ್ಥಾನಕ್ಕೆ ಬಂದವು.

ತಾಯಿಯ ಕಪ್ಪು ಉಡುಪು ಇನ್ನೊಂದು ಪರೀಕ್ಷೆ. ಐವರಿ ಬ್ಲ್ಯಾಕ್ ಒಂದನ್ನೇ ಬಳಿದರೆ ಅದು ತೂತಿನಂತೆ ಕಾಣುತ್ತದೆ, ಆದ್ದರಿಂದ ಬರ್ಂಟ್ ಅಂಬರ್ ಎಂಬ ಗಾಢ ಕಂದು ಬೆರೆಸಿ ಬೆಚ್ಚಗಾಗಿಸಿದೆ. ಮಗುವಿನ ಬಿಳಿಯ ಅಂಗಿ ಆ ಕಪ್ಪನ್ನು ಮುಟ್ಟುವಲ್ಲಿ ಗೆರೆ ಹರಿತವಾಗಿದ್ದರೆ ಮಗುವನ್ನು ಕತ್ತರಿಸಿ ಅಂಟಿಸಿದಂತಿರುತ್ತದೆ. ಒಣ ಕುಂಚದಿಂದ ಅಂಚನ್ನು ಎರಡು ಮೂರು ಕಡೆ ಕರಗಿಸಿದ ಮೇಲೆಯೇ ಮಗುವಿನ ಭಾರ ತಾಯಿಯ ಮಡಿಲಿಗೆ ಇಳಿಯಿತು.

ಮೈಬಣ್ಣಕ್ಕೆ ಟೈಟಾನಿಯಂ ವೈಟ್, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಮತ್ತು ತುಸು ಕೆಂಪು ಸಾಕಾಯಿತು. ರೆನಾಲ್ಡ್ಸ್ ಬಳಸುತ್ತಿದ್ದ ಕಾರ್ಮೈನ್ ಕೆಂಪು ಬೆಳಕಿಗೆ ಮಾಸುವಂಥದ್ದು. ಅವನು ಬರೆದ ಎಷ್ಟೋ ಮುಖಗಳು ಅವನ ಜೀವಿತಕಾಲದಲ್ಲೇ ಬಿಳಿಚಿಕೊಂಡವು. ಆದ್ದರಿಂದ ಮಗುವಿನ ಕಿವಿಗೂ ಬೆರಳುಗಳಿಗೂ ಮಾಸದ ಕ್ವಿನಾಕ್ರಿಡೋನ್ ಕೆಂಪನ್ನೇ ಆರಿಸಿಕೊಂಡೆ. ಕಡೆಯಲ್ಲಿ ಬೆರಳ ತುದಿಗಳನ್ನು ಒಂದೊಂದೇ ಹೊಡೆತದಲ್ಲಿ ಇಟ್ಟು, ಅವುಗಳ ಮೇಲೆ ಮತ್ತೆ ಕುಂಚವಾಡಿಸಲಿಲ್ಲ.